ಪಾಲಿನ ಲೆಕ್ಕ

ಒಂದು, ಎರಡು, ಮೂರು ಎಂದು ಎಣಿಸುವುದನ್ನು ಮಗು ಶಾಲೆಗೆ ಬರುವ ಮೊದಲೇ ಮನೆಯಲ್ಲಿ ಕಲಿತಿರುತ್ತದೆ. ಹುಣಸೆಬೀಜ, ಕವಡೆ, ಕೈಬೆರಳು ಇವೇ ಅದರ ಮೊದಲ ಪಾಠೋಪಕರಣಗಳು. ಎಂಟು ನಾಲ್ಕಕ್ಕಿಂತ ದೊಡ್ಡದು ಎಂಬುದನ್ನು ಅದಕ್ಕೆ ಯಾರೂ ವಿವರಿಸಬೇಕಾಗಿಲ್ಲ. ಹೀಗೆ ನೆಮ್ಮದಿಯಿಂದ ಸಾಗುತ್ತಿದ್ದ ದಾರಿಯಲ್ಲಿ ಒಂದು ದಿನ ಭಿನ್ನರಾಶಿ ಎದುರಾಗುತ್ತದೆ. 1/8 ಎಂಬುದು 1/4ಕ್ಕಿಂತ ಚಿಕ್ಕದು ಎಂದು ಉಪಾಧ್ಯಾಯರು ಹೇಳುತ್ತಾರೆ. ಅಲ್ಲಿಯವರೆಗೆ ನಂಬಿದ್ದ ನಿಯಮವೇ ತಲೆಕೆಳಗಾದಂತೆ ತೋರಿ ಮಗು ತಬ್ಬಿಬ್ಬಾಗುತ್ತದೆ. ಆಗ ಅದು ಮಾಡುವ ಕೆಲಸವೆಂದರೆ ಅರ್ಥವನ್ನು ಕೈಬಿಟ್ಟು ಸೂತ್ರವನ್ನು ಬಾಯಿಪಾಠ ಮಾಡುವುದು.

ಹಾಗೆ ಮಾಡಿದುದರ ಫಲ ಎಂತಹುದು ಎಂಬುದಕ್ಕೆ ಒಂದು ನಿದರ್ಶನವುಂಟು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1978ರಲ್ಲಿ ನಡೆದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ, 12/13 ಮತ್ತು 7/8 ಇವುಗಳ ಮೊತ್ತ ಸುಮಾರು ಎಷ್ಟು ಎಂದು ಹದಿಮೂರು ವರ್ಷದ ವಿದ್ಯಾರ್ಥಿಗಳನ್ನು ಕೇಳಲಾಯಿತು. 1, 2, 19, 21 ಇವುಗಳಲ್ಲಿ ಒಂದನ್ನು ಆರಿಸಬೇಕಾಗಿತ್ತು. ಕೊಟ್ಟ ರಾಶಿಗಳೆರಡೂ ಒಂದಕ್ಕೆ ತುಸುವೇ ಕಡಿಮೆ; ಆದುದರಿಂದ ಮೊತ್ತ ಎರಡಕ್ಕೆ ಸಮೀಪವಾಗಿರಬೇಕು. ಈ ಉತ್ತರವನ್ನು ಆರಿಸಿದವರು ನೂರಕ್ಕೆ 24 ಮಂದಿ ಮಾತ್ರ. 28 ಮಂದಿ 19 ಎಂದರು. 27 ಮಂದಿ 21 ಎಂದರು. ಹನ್ನೆರಡಕ್ಕೆ ಏಳನ್ನು ಕೂಡಿದರೆ 19, ಹದಿಮೂರಕ್ಕೆ ಎಂಟನ್ನು ಕೂಡಿದರೆ 21. ಆ ವಿದ್ಯಾರ್ಥಿಗಳಿಗೆ ಕೂಡುವುದು ಬಾರದೆ ಇರಲಿಲ್ಲ. ಗೆರೆಯ ಮೇಲೊಂದು, ಕೆಳಗೊಂದು ಇರುವ ಆ ಎರಡು ಅಂಕಿಗಳು ಸೇರಿ ಒಂದೇ ಸಂಖ್ಯೆ ಎಂಬುದೇ ಅವರ ಮನಸ್ಸಿಗೆ ಹೊಳೆದಿರಲಿಲ್ಲ.

ಇದನ್ನು ಹೊಳೆಯಿಸಲು ಮಾತಿಗಿಂತ ಕೈಗೆಲಸವೇ ಮೇಲು. ಮಕ್ಕಳಿಗೆ ಛೇದ, ಅಂಶಗಳು ತಿಳಿಯದಿದ್ದರೂ ಪಾಲು ಎಂದರೆ ಚೆನ್ನಾಗಿ ತಿಳಿಯುತ್ತದೆ. ತಮ್ಮನಿಗೆ ದೊಡ್ಡ ಚೂರು ಬಂದರೆ ಅಕ್ಕ ಸುಮ್ಮನಿರುವಳೇ? ಮೂರು ರೊಟ್ಟಿಗಳನ್ನು ನಾಲ್ವರಿಗೆ ಸಮನಾಗಿ ಹಂಚಿರಿ ಎಂದು ಮಕ್ಕಳ ಒಂದು ಗುಂಪಿಗೆ ಹೇಳಿ ನೋಡಬೇಕು. ಕೆಲವರು ಪ್ರತಿಯೊಂದು ರೊಟ್ಟಿಯನ್ನೂ ನಾಲ್ಕಾಗಿ ಮುರಿದು, ತಲೆಗೆ ಮೂರು ಚೂರುಗಳಂತೆ ಕೊಡುತ್ತಾರೆ. ಕೆಲವರು ಎರಡು ರೊಟ್ಟಿಗಳನ್ನು ಅರ್ಧ ಮಾಡಿ ಹಂಚಿ, ಉಳಿದ ಒಂದನ್ನು ಕಾಲು ಮಾಡುತ್ತಾರೆ. ಕಾಲು ಮೂರು ಸಲ ಸೇರಿದರೂ, ಅರ್ಧಕ್ಕೆ ಕಾಲು ಸೇರಿದರೂ ಮುಕ್ಕಾಲೇ ಎಂಬುದು ಆಗ ಯಾರೂ ಹೇಳದೆಯೇ ತಿಳಿಯುತ್ತದೆ. ಈ ಹಂಚಿಕೆಯ ಪ್ರಶ್ನೆ ಬಹಳ ಹಳೆಯದು. ಕ್ರಿ.ಪೂ. 1550ರ ಸುಮಾರಿಗೆ ಈಜಿಪ್ಟಿನಲ್ಲಿ ಆಹ್ಮೆಸ್ ಎಂಬ ಲಿಪಿಕಾರನು ನಕಲು ಮಾಡಿದ ಗಣಿತದ ಸುರುಳಿಯಲ್ಲಿ ರೊಟ್ಟಿಗಳನ್ನು ಹತ್ತು ಮಂದಿಗೆ ಹಂಚುವ ಲೆಕ್ಕಗಳಿವೆ. ಆರು ರೊಟ್ಟಿಗಳಾದರೆ ಒಬ್ಬೊಬ್ಬನಿಗೆ ಅರ್ಧ ಮತ್ತು ಹತ್ತರಲ್ಲಿ ಒಂದು ಪಾಲು ಎಂಬುದು ಅಲ್ಲಿನ ಉತ್ತರ.

ಆದರೆ ರೊಟ್ಟಿಯಿಂದ ಎಲ್ಲವನ್ನೂ ಕಲಿಸಲಾಗದು. ಅದನ್ನು ಎರಡು, ನಾಲ್ಕು, ಎಂಟು ಮಾಡುವುದು ಸುಲಭ. ಐದು ಸಮಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ನಮ್ಮ ಹಿಂದಿನ ಲೆಕ್ಕಾಚಾರವೂ ಬಹುಮಟ್ಟಿಗೆ ಇಬ್ಭಾಗ ಮಾಡುವ ಕ್ರಮದಿಂದಲೇ ಬೆಳೆದದ್ದು. ಅರೆ, ಕಾಲು, ಅರೆಕಾಲು, ವೀಸ ಎಂಬ ಕನ್ನಡ ಪದಗಳು ಕ್ರಮವಾಗಿ 1/2, 1/4, 1/8, 1/16 ಇವುಗಳನ್ನು ಸೂಚಿಸುತ್ತವೆ. 1957ರಲ್ಲಿ ದಶಮಾಂಶ ನಾಣ್ಯಗಳು ಬರುವವರೆಗೆ ರೂಪಾಯಿಗೆ ಹದಿನಾರು ಆಣೆಗಳಿದ್ದವು. ಮೂರನೆಯ ಒಂದು ಪಾಲಿಗಾಗಲಿ ಐದನೆಯ ಒಂದು ಪಾಲಿಗಾಗಲಿ ಇಂತಹ ಪುಟ್ಟ ಹೆಸರು ಬಳಕೆಯಲ್ಲಿಲ್ಲ. ‘ಮೂರರಲ್ಲಿ ಒಂದು’ ಎಂದೇ ಹೇಳಬೇಕು. ಆ ಮಾತಿನಲ್ಲಿಯೂ ಒಂದು ಗುಣವುಂಟು: ಮೊದಲು ಪೂರ್ಣವನ್ನು ಎಷ್ಟು ಭಾಗ ಮಾಡಿದೆವೆಂಬುದನ್ನು ಹೇಳಿ, ಆಮೇಲೆ ಎಷ್ಟು ಭಾಗ ತೆಗೆದುಕೊಂಡೆವೆಂಬುದನ್ನು ಅದು ಹೇಳುತ್ತದೆ.

ರೊಟ್ಟಿಯ ಅನಂತರ ಕಾಗದ. ಹಳೆಯ ಪತ್ರಿಕೆಯಿಂದ ಒಂದೇ ಉದ್ದದ, ಒಂದೇ ಅಗಲದ ಏಳೆಂಟು ಪಟ್ಟಿಗಳನ್ನು ಕತ್ತರಿಸಿಕೊಂಡರೆ ಸಾಕು. ಒಂದನ್ನು ಹಾಗೆಯೇ ಇಟ್ಟುಕೊಳ್ಳಬೇಕು; ಅದೇ ಪೂರ್ಣ. ಉಳಿದವುಗಳನ್ನು ಎರಡು, ಮೂರು, ನಾಲ್ಕು, ಆರು, ಎಂಟು ಸಮಭಾಗಗಳಾಗಿ ಮಡಿಸಬೇಕು. ಮಡಿಸುವ ಕೆಲಸವನ್ನು ಮಕ್ಕಳೇ ಮಾಡಬೇಕು. ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ಅಚ್ಚುಕಟ್ಟಾದ ಚಿತ್ರ ಬರೆದು ತೋರಿಸಿದರೆ ಅದು ಚಟುವಟಿಕೆಯಾಗದು. ಮೂರು ಮಡಿಕೆಗಳಲ್ಲಿ ಒಂದು ಉದ್ದವಾಗಿ, ಒಂದು ಮೋಟಾಗಿ ಬಂದಾಗ, ‘ಇವು ಮೂರರಲ್ಲಿ ಒಂದೊಂದು ಪಾಲು ಹೌದೋ ಅಲ್ಲವೋ’ ಎಂದು ಮಕ್ಕಳು ವಾದಿಸತೊಡಗುತ್ತಾರೆ. ಭಾಗಗಳು ಸಮನಾಗಿರಬೇಕೆಂಬ ನಿಯಮ ಆ ವಾದದಿಂದಲೇ ಮನದಟ್ಟಾಗುತ್ತದೆ. ಎಂಟರ ಮಡಿಕೆ ನಾಲ್ಕರ ಮಡಿಕೆಗಿಂತ ಚಿಕ್ಕದೆಂಬುದನ್ನು ಕಣ್ಣೇ ಹೇಳುತ್ತದೆ.

ಈಗ ಅರ್ಧಕ್ಕೆ ಮೂರನೆಯ ಒಂದು ಪಾಲನ್ನು ಕೂಡಬೇಕೆನ್ನಿ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿದ ಹುಡುಗನಿಗೆ 2/5 ಬರುತ್ತದೆ. ತಪ್ಪು ಎಂದು ಗೆರೆ ಎಳೆಯುವ ಬದಲು ಪಟ್ಟಿಗಳನ್ನು ಹೊರತೆಗೆಯಲು ಹೇಳಬೇಕು. ಐದರಲ್ಲಿ ಎರಡು ಪಾಲು ಅರ್ಧಕ್ಕಿಂತಲೂ ಮೋಟಾಗಿರುತ್ತದೆ. ಅರ್ಧಕ್ಕೆ ಇನ್ನೂ ಏನನ್ನೋ ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಗುವುದುಂಟೇ! ಹುಡುಗ ತಾನೇ ನಕ್ಕುಬಿಡುತ್ತಾನೆ. ಬಳಿಕ ಅರ್ಧದ ತುಂಡನ್ನೂ ಮೂರರ ತುಂಡನ್ನೂ ತುದಿಗೆ ತುದಿ ಸೇರಿಸಿಟ್ಟು, ಯಾವ ಪಟ್ಟಿಯ ಮಡಿಕೆಗಳು ಇವೆರಡನ್ನೂ ಸರಿಯಾಗಿ ಅಳೆಯುತ್ತವೆ ಎಂದು ಹುಡುಕಿದರೆ ಆರರ ಪಟ್ಟಿ ಸಿಕ್ಕುತ್ತದೆ. ಅರ್ಧಕ್ಕೆ ಮೂರು ಮಡಿಕೆ, ಮೂರರ ಪಾಲಿಗೆ ಎರಡು ಮಡಿಕೆ, ಒಟ್ಟು 5/6. ಛೇದಗಳನ್ನು ಸಮ ಮಾಡುವುದೆಂದರೆ ಇಷ್ಟೇ. ಎರಡನ್ನೂ ಅಳೆಯಬಲ್ಲ ಒಂದು ಮಡಿಕೆಯನ್ನು ಹುಡುಕುವುದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕಾಗಿ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನು ತಿಳಿಸಿ, ಅದನ್ನು ‘ನಿರುದ್ಧ’ ಎಂದು ಕರೆದಿದ್ದಾನೆ.

ಕಾಗದದ ಮಡಿಕೆಯನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ನೆನೆಯಬೇಕು. ಟಿ. ಸುಂದರರಾಯರು ಶಿಶುವಿಹಾರದ ಮಕ್ಕಳ ಕಾಗದದ ಮಡಿಕೆಗಳಿಂದಲೇ ಪ್ರೇರಣೆ ಪಡೆದು, ರೇಖಾಗಣಿತವನ್ನು ಮಡಿಕೆಗಳಿಂದ ವಿವರಿಸುವ ಇಂಗ್ಲಿಷ್ ಗ್ರಂಥವೊಂದನ್ನು 1893ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದರು. ಜರ್ಮನಿಯ ಪ್ರಸಿದ್ಧ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಬರಹದಲ್ಲಿ ಅದನ್ನು ಉಲ್ಲೇಖಿಸಿದರು. 1901ರಲ್ಲಿ ಅದು ಅಮೆರಿಕದಲ್ಲಿಯೂ ಅಚ್ಚಾಯಿತು.

ಗುಣಾಕಾರಕ್ಕೆ ಪಟ್ಟಿಗಿಂತ ಅಗಲವಾದ ಹಾಳೆ ಅನುಕೂಲ. ಹಾಳೆಯನ್ನು ಉದ್ದುದ್ದವಾಗಿ ಮೂರು ಮಡಿಕೆ ಮಾಡಿ ಎರಡಕ್ಕೆ ಬಣ್ಣ ಹಚ್ಚಿ, ಅಡ್ಡಲಾಗಿ ಇಬ್ಭಾಗ ಮಾಡಿದರೆ ಹಾಳೆಯಲ್ಲಿ ಆರು ಮನೆಗಳಾಗುತ್ತವೆ. ಬಣ್ಣದ ಭಾಗದ ಅರ್ಧದಲ್ಲಿರುವುದು ಎರಡು ಮನೆ. 2/3ರ ಅರ್ಧ 2/6, ಎಂದರೆ 1/3.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಭಾಗಾಕಾರ. ಭಾಗಿಸಿದರೆ ಸಂಖ್ಯೆ ಚಿಕ್ಕದಾಗಬೇಕಲ್ಲವೇ, ದೊಡ್ಡದೇಕಾಯಿತು ಎಂದು ಮೇಲಿನ ತರಗತಿಯವರೂ ಕೇಳುತ್ತಾರೆ. ಇದಕ್ಕೆ ಹಳೆಯ ಮನೆಗಳಲ್ಲಿ ಇಂದಿಗೂ ಸಿಕ್ಕುವ ಸೇರು, ಪಾವುಗಳೇ ಉತ್ತರ ಹೇಳಬಲ್ಲವು. ಪಾವು ಎಂದರೆ ಕಾಲು ಸೇರು, ಅರೆಪಾವು ಎಂದರೆ ಸೇರಿನ ಎಂಟರಲ್ಲಿ ಒಂದು ಪಾಲು. ಮುಕ್ಕಾಲು ಸೇರು ಅಕ್ಕಿಯನ್ನು ಅರೆಪಾವಿನಿಂದ ಅಳೆದು ಸುರಿದರೆ ಆರು ಸಲ ತುಂಬುತ್ತದೆ. 3/4 ಅನ್ನು 1/8ರಿಂದ ಭಾಗಿಸಿದರೆ 6. ಅಕ್ಕಿ ಹೆಚ್ಚಲಿಲ್ಲ, ಅಳತೆ ಚಿಕ್ಕದಾದ್ದರಿಂದ ಅಳೆದ ಸಲಗಳು ಹೆಚ್ಚಿದವು. ತಲೆಕೆಳಗು ಮಾಡಿ ಗುಣಿಸು ಎಂಬ ಸೂತ್ರದ ಗುಟ್ಟೂ ಆ ಅಕ್ಕಿಯಲ್ಲಿಯೇ ಇದೆ. ಒಂದು ಸೇರಿಗೆ ಎಂಟು ಅರೆಪಾವು ಹಿಡಿಯುತ್ತವೆ. ಮುಕ್ಕಾಲು ಸೇರಿಗೆ ಆ ಎಂಟರ ಮುಕ್ಕಾಲು ಭಾಗ.