ಓದಲು ಹತ್ತಿರದ ಸರ್ವರ್, ಬರೆಯಲು ಮುಖ್ಯ ಸರ್ವರ್: ಒಂದು ಪಾಠಯೋಜನೆ

ತರಗತಿ: ದ್ವಿತೀಯ ಪಿಯುಸಿ, ಗಣಕ ವಿಜ್ಞಾನ. ಅವಧಿ: 45 ನಿಮಿಷ
ಪೂರ್ವಜ್ಞಾನ: ಡೇಟಾಬೇಸ್, ಎಸ್‌ಕ್ಯೂಎಲ್‌ನ ಸೆಲೆಕ್ಟ್ ಮತ್ತು ಅಪ್‌ಡೇಟ್ ಆಜ್ಞೆಗಳು, ಐಪಿ ವಿಳಾಸ
ಬೋಧನೋಪಕರಣ: ಎರಡು ನೋಟ್‌ಪುಸ್ತಕ, ಕಪ್ಪುಹಲಗೆ

ಬಳಕೆದಾರ ಎಲ್ಲಿದ್ದಾನೆಂದು ನೋಡಿ ಡೇಟಾಬೇಸ್ ಸಂಪರ್ಕವನ್ನು ಬೇರೆ ಸರ್ವರ್‌ಗೆ ಬದಲಿಸುವ ವಿಷಯವನ್ನು "ಹತ್ತಿರದ್ದು ಬೇಗ ಉತ್ತರಿಸುತ್ತದೆ" ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಅಲ್ಲಿಗೇ ನಿಲ್ಲಿಸಿದರೆ ವಿದ್ಯಾರ್ಥಿಗೆ ಅರ್ಧ ಪಾಠ ಮಾತ್ರ ಸಿಗುತ್ತದೆ. ಯಾವ ಕೆಲಸವನ್ನು ಹತ್ತಿರದ ಸರ್ವರ್‌ಗೆ ಕಳಿಸಬಾರದು ಎಂಬುದೇ ಈ ಪಾಠದ ತಿರುಳು.

ಪೀಠಿಕೆ (10 ನಿಮಿಷ)
ಲೆಕ್ಕದಿಂದ ಆರಂಭಿಸಿ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಲಂಡನ್‌ಗೆ ನೇರ ದೂರ ಸುಮಾರು 8,000 ಕಿ.ಮೀ. ಹೋಗಿಬರಲು ಕನಿಷ್ಠ 80 ಮಿಲಿಸೆಕೆಂಡ್ ಬೇಕು. ಸುಮಾರು 850 ಕಿ.ಮೀ. ದೂರದ ಮುಂಬೈಗೆ 8.5 ಸಾಕು. ಬೆಂಗಳೂರಿನಲ್ಲಿ ಓಡುವ ಆ್ಯಪ್ ಒಂದು ಪುಟಕ್ಕಾಗಿ ಒಂದರ ನಂತರ ಒಂದರಂತೆ 20 ಪ್ರಶ್ನೆ ಕೇಳಿದರೆ? ಲಂಡನ್‌ಗೆ 1.6 ಸೆಕೆಂಡ್, ಮುಂಬೈಗೆ 0.17. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜವಾದ ಸಮಯ ಇನ್ನೂ ಹೆಚ್ಚು ಎಂದು ತಿಳಿಸಿ.

ಚಟುವಟಿಕೆ (20 ನಿಮಿಷ)
ಲಾರ್ಡ್ಸ್ ಮೈದಾನದ ಪಂದ್ಯಕ್ಕೆ ಟಿಕೆಟ್ ಮಾರುವ ಕಲ್ಪಿತ ಜಾಲತಾಣ ನಮ್ಮದು ಎನ್ನಿ. ಮುಂದಿನ ಮೇಜಿನ ಪುಸ್ತಕ ಲಂಡನ್‌ನ ಮುಖ್ಯ ಸರ್ವರ್. ಹಿಂದಿನ ಬೆಂಚಿನದು ಮುಂಬೈನ ನಕಲು. ಎರಡರಲ್ಲೂ "ಉಳಿದ ಸೀಟು: 1" ಎಂದು ಬರೆಯಿರಿ.

ಮೊದಲ ಸುತ್ತಿನಲ್ಲಿ ಎರಡೂ ಪುಸ್ತಕದಲ್ಲಿ ಬರೆಯಲು ಬಿಡಿ. ಇಬ್ಬರು ಏಕಕಾಲಕ್ಕೆ ಕಾಯ್ದಿರಿಸಲಿ. ಸೀಟು ಒಂದು, ಟಿಕೆಟ್ ಎರಡು! ತಪ್ಪು ಎಲ್ಲಾಯಿತೆಂದು ತರಗತಿಯೇ ಹುಡುಕಲಿ.

ಎರಡನೇ ಸುತ್ತಿನಲ್ಲಿ ಹಿಂದಿನ ಪುಸ್ತಕ ಓದಲು ಮಾತ್ರ. ಸೀಟು ಇದೆಯೇ ಎಂದು ಕೊನೆಯದಾಗಿ ನೋಡುವುದು, ಕಾಯ್ದಿರಿಸುವುದು ಎರಡೂ ಮುಂದಿನ ಪುಸ್ತಕದಲ್ಲೇ, ಒಬ್ಬರ ನಂತರ ಒಬ್ಬರು. ಬದಲಾವಣೆಯನ್ನು ಒಬ್ಬ ವಿದ್ಯಾರ್ಥಿ ನಡೆದುಹೋಗಿ ಹಿಂದಿನದಕ್ಕೆ ನಕಲು ಮಾಡಲಿ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ 2010ರ 9.0 ಆವೃತ್ತಿಯಿಂದ ನಕಲು ಸರ್ವರನ್ನು ಹೀಗೆ ಓದಲಷ್ಟೇ ತೆರೆದಿಡಬಹುದು.

ಆತ ದಾರಿಯಲ್ಲಿರುವಾಗಲೇ ಟಿಕೆಟ್ ಪಡೆದವನಿಗೆ ಹಿಂದಿನ ಪುಸ್ತಕ ತೋರಿಸಿ. ಅಲ್ಲಿ ಇನ್ನೂ "1" ಇದೆ. "ನನ್ನ ಟಿಕೆಟ್ ಎಲ್ಲಿ?" ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಬರೆದವನಿಗೆ ಸ್ವಲ್ಪ ಹೊತ್ತು ಮುಖ್ಯ ಸರ್ವರ್‌ನಿಂದಲೇ ಓದಿಸಬೇಕೆಂಬ ಪರಿಹಾರವನ್ನು ಅವರಿಂದಲೇ ಹೊರಡಿಸಿ.

ಕಪ್ಪುಹಲಗೆ ಸಾರಾಂಶ (10 ನಿಮಿಷ)
1. ಐಪಿ ವಿಳಾಸದಿಂದ ಸ್ಥಳ ಊಹಿಸು. ವಿಪಿಎನ್ ಇದ್ದರೆ ಊಹೆ ತಪ್ಪಬಹುದು; ಆಗ ಉತ್ತರ ತಡವಾಗಬಹುದು, ತಪ್ಪಾಗಬಾರದು.
2. ಬರೇ ಓದುವುದಾದರೆ ಹತ್ತಿರದ ನಕಲು.
3. ಬರೆಯುವುದಾದರೆ ಮುಖ್ಯ ಸರ್ವರ್.
4. ಹತ್ತಿರದ ನಕಲು ಕೆಟ್ಟಿದ್ದರೆ ಮುಂದಿನದು.

ಮೌಲ್ಯಮಾಪನ (5 ನಿಮಿಷ)
ಪರೀಕ್ಷಾ ಫಲಿತಾಂಶ ನೋಡುವುದು, ಪಾಸ್‌ವರ್ಡ್ ಬದಲಿಸುವುದು, ಹಣ ವರ್ಗಾಯಿಸಿದ ಕೂಡಲೇ ಬಾಕಿ ನೋಡುವುದು: ಪ್ರತಿಯೊಂದೂ ಯಾವ ಸರ್ವರ್‌ಗೆ ಹೋಗಬೇಕು? ಕಾರಣ ಕೊಡಿ. ಮೂರನೆಯದಕ್ಕೆ ಸರಿಯಾದ ಕಾರಣ ಕೊಟ್ಟ ವಿದ್ಯಾರ್ಥಿಗೆ ಪಾಠ ತಲುಪಿದೆ ಎಂದು ತಿಳಿಯಬಹುದು.