ಕಂಡದ್ದನ್ನೇ ಬರಿ, ಮಗಳೇ

ಮೂರನೇ ವರ್ಷದ ಪರೀಕ್ಷೆ ಮುಗಿಸಿ ಈ ಬೇಸಿಗೆಯಲ್ಲಿ ಕಾಡಿನ ಕೆಲಸ ಕಲಿಯಲು ಹೊರಟಿದ್ದೀಯ ಎಂದು ನಿನ್ನಪ್ಪ ಫೋನಿನಲ್ಲಿ ಹೇಳಿದ. ಮೊದಲು ಹೈದರಾಬಾದಿನ ನೆಹರೂ ಮೃಗಾಲಯ, ಆಮೇಲೆ ನಲ್ಲಮಲದ ಅಮ್ರಾಬಾದ್ ಹುಲಿ ಮೀಸಲು ಅರಣ್ಯ. ಕೇಳಿ ಬಹಳ ಹಿಗ್ಗಿದೆ. ತೆಲಂಗಾಣದ ಮುಲುಗಿನ ಅರಣ್ಯ ಕಾಲೇಜಿಗೆ ನೀನು ಸೇರಿದಾಗ ‘ಹೆಣ್ಣುಮಗಳಿಗೆ ಕಾಡಿನ ಓದು ಯಾಕೆ’ ಎಂದವರು ಮನೆಯಲ್ಲೇ ಇದ್ದರು. ಆಗಲೂ ನಾನು ನಿನ್ನ ಕಡೆಯೇ ಇದ್ದೆ. ಅರಣ್ಯ ಇಲಾಖೆಯಲ್ಲಿ ನೌಕರಿ ಮುಗಿಸಿದ ದೊಡ್ಡಪ್ಪನಾಗಿ ಈಗ ನಾಲ್ಕು ಮಾತು ಹೇಳಬೇಕೆನಿಸಿದೆ. ಹೊರಡುವ ಮುಂಚೆ ಒಮ್ಮೆ ಓದು, ಅಲ್ಲಿ ಹೋಗಿ ಸ್ವಲ್ಪ ಹಳಬಳಾದ ಮೇಲೆ ಮತ್ತೊಮ್ಮೆ ಓದು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಂಡದ್ದನ್ನು ಕಂಡ ಹಾಗೆ ಬರಿ. ಕಾಣಿಸದಿದ್ದರೆ ಕಾಣಿಸಲಿಲ್ಲ ಎಂದು ಬರಿ. ನಿನ್ನ ವಯಸ್ಸಿನಲ್ಲಿ ಕಾಡಿಗೆ ಕೊಡಬಹುದಾದ ದೊಡ್ಡ ಕಾಣಿಕೆ ಇದೇ.

ಇದು ಬರೀ ಬುದ್ಧಿವಾದ ಅಂದುಕೊಳ್ಳಬೇಡ. ರಾಜಸ್ಥಾನದ ಸರಿಸ್ಕಾದ ಕತೆಯನ್ನು ನೀನು ಪಾಠದಲ್ಲಿ ಓದಿರುತ್ತೀಯ. ಅಲ್ಲಿ ಕಡತದಲ್ಲಿ ಹುಲಿಗಳಿದ್ದವು, ಗಣತಿಯ ಪಟ್ಟಿಯಲ್ಲಿ ಹುಲಿಗಳಿದ್ದವು. 2005ರಲ್ಲಿ ಹುಡುಕಿ ನೋಡಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಎಲ್ಲವನ್ನೂ ಮುಗಿಸಿದ್ದರು. 2008ರಲ್ಲಿ ರಣಥಂಬೋರಿನಿಂದ ಹುಲಿಗಳನ್ನು ತಂದು ಬಿಡಬೇಕಾಯಿತು. ಬಂದೂಕು ಹಿಡಿದವರ ಪಾಪ ದೊಡ್ಡದು, ನಿಜ. ಆದರೆ ಇಲ್ಲದ ಹುಲಿಯನ್ನು ಪ್ರತಿ ವರ್ಷ ಕಾಗದದಲ್ಲಿ ಬದುಕಿಸಿಟ್ಟ ಲೆಕ್ಕ ಆ ಪಾಪವನ್ನು ಮುಚ್ಚಿತು. ಕಡಿಮೆಯಾಗುತ್ತಿವೆ ಎಂದು ಕಡತ ಸಮಯಕ್ಕೆ ಸರಿಯಾಗಿ ಹೇಳಿದ್ದರೆ ಕೆಲವನ್ನಾದರೂ ಉಳಿಸಿಕೊಳ್ಳಬಹುದಿತ್ತು.

ಆ ಆಘಾತದ ನಂತರವೇ ಹೆಜ್ಜೆಗುರುತಿನ ಅಚ್ಚು ತೆಗೆದು ಹುಲಿ ಎಣಿಸುವ ಹಳೆಯ ಪದ್ಧತಿ ಹೋಯಿತು. ಕ್ಯಾಮೆರಾ ಟ್ರ್ಯಾಪ್ ಇಟ್ಟು ಮೈಮೇಲಿನ ಪಟ್ಟೆಯಿಂದ ಒಂದೊಂದು ಹುಲಿಯನ್ನೂ ಗುರುತಿಸುವ ಕೆಲಸವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಮ್ಮ ನಾಗರಹೊಳೆಯಲ್ಲಿ 1990ರ ದಶಕದಲ್ಲೇ ಮಾಡಿ ತೋರಿಸಿದ್ದರು. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದ ತುಂಬ ಹೊಸ ವಿಧಾನದ ಅಂದಾಜು ನಡೆಯುತ್ತಿದೆ. ಹುಲಿಯ ಎಡಮೈಯ ಪಟ್ಟೆ ಬಲಮೈಯಲ್ಲಿ ಇರುವುದಿಲ್ಲ, ಹಾಗಾಗಿ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಕಟ್ಟುವಾಗ ಗಡಿಯಾರ ಮತ್ತು ತಾರೀಖು ಸರಿಯಿದೆಯೇ ಎಂದು ನೋಡುವುದು ಸಣ್ಣ ಕೆಲಸವೆನಿಸುತ್ತದೆ. ಅದೊಂದು ತಪ್ಪಿದರೆ ಅಷ್ಟೂ ಚಿತ್ರದ ಬೆಲೆ ಹೋಗುತ್ತದೆ.

ನಿನ್ನನ್ನು ಪ್ರಾಣಿ ಎಣಿಸಲೆಂದು ಕಾಡಿನಲ್ಲಿ ಗುರುತಿಸಿದ ಟ್ರಾನ್ಸೆಕ್ಟ್ ಗೆರೆಯ ಮೇಲೆ ನಡೆಯಲು ಕಳಿಸಬಹುದು. ಜಿಂಕೆ, ಕಡವೆ, ಮುಸುವ ಕಂಡರೆ ಎಷ್ಟಿವೆ, ಎಷ್ಟು ದೂರದಲ್ಲಿವೆ, ಯಾವ ಕೋನದಲ್ಲಿವೆ ಎಂದು ಬರೆಯಬೇಕು. ಬಿಸಿಲಿಗೆ ದಣಿದಾಗ ದೂರವನ್ನು ಕಣ್ಣಳತೆಯಲ್ಲಿ 50, 100 ಮೀಟರ್ ಎಂದು ಗುಂಡಗೆ ಬರೆಯುವ ಆಸೆಯಾಗುತ್ತದೆ. ರೇಂಜ್‌ಫೈಂಡರ್ 47 ಎಂದು ತೋರಿಸಿದರೆ 47 ಎಂದೇ ಬರಿ. ಚದರ ಕಿಲೋಮೀಟರಿಗೆ ಎಷ್ಟು ಪ್ರಾಣಿ ಎಂಬ ಲೆಕ್ಕ ನಿಂತಿರುವುದೇ ಆ ದೂರದ ಮೇಲೆ. ಇಡೀ ಬೆಳಗ್ಗೆ ನಡೆದು ಏನೂ ಕಾಣದೆ ವಾಪಸಾದರೆ ಬೇಸರ ಪಡಬೇಡ, ‘ಇಂದು ಏನೂ ಇಲ್ಲ’ ಎಂದು ಧೈರ್ಯವಾಗಿ ಬರಿ. ಆ ಖಾಲಿ ಹಾಳೆಯೂ ಕಾಡಿನ ಬಗ್ಗೆ ಒಂದು ಸತ್ಯ ಹೇಳುತ್ತದೆ.

ಹೈದರಾಬಾದಿಗೆ ಈ ವಿಷಯದಲ್ಲಿ ಒಂದು ಹಿರಿಯ ಪರಂಪರೆಯಿದೆ. 1931-32ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ನಿಜಾಮರ ರಾಜ್ಯದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆಗ ನಮ್ಮ ರಾಯಚೂರು, ಕಲಬುರ್ಗಿ, ಬೀದರುಗಳೂ ಅದೇ ರಾಜ್ಯದಲ್ಲಿದ್ದವು. ಯಾವ ಹಕ್ಕಿ, ಎಲ್ಲಿ, ಯಾವಾಗ ಎಂದು ಅವರು ಬರೆದಿಟ್ಟದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಅಚ್ಚಾಯಿತು. ಆ ಹಕ್ಕಿ ಇಲ್ಲಿ ಆಗ ಇತ್ತೇ ಎಂದು ಇಂದು ಯಾರಾದರೂ ಕೇಳಿದರೆ ತೆರೆಯುವುದು ಅದೇ ಪುಟಗಳನ್ನು. ನಿನ್ನ ನೋಟ್‌ಬುಕ್ಕೂ ಯಾರಿಗೋ ಹಾಗೆ ಬೇಕಾಗಬಹುದು ಎಂದುಕೊಂಡು ಬರಿ. ದಿನ, ಹೊತ್ತು, ಜಾಗ, ಹವೆ, ಜೊತೆಗಿದ್ದವರು, ಇಷ್ಟೂ ಇರಲಿ. ರಾತ್ರಿ ಬರೆಯುತ್ತೇನೆ ಎಂದು ಬಿಡಬೇಡ, ನಿಂತಲ್ಲೇ ಬರಿ.

ಮೃಗಾಲಯವನ್ನು ಕಾಡಿಗಿಂತ ಕಡಿಮೆ ಎಂದು ತಿಳಿಯಬೇಡ. 1963ರಲ್ಲಿ ಮೀರ್ ಆಲಂ ಕೆರೆಯ ಪಕ್ಕ ಶುರುವಾದ ಆ ಮೃಗಾಲಯದಲ್ಲಿ ನಿನಗೆ ಸಿಗುವ ಮೊದಲ ಗುರು ಪ್ರಾಣಿಪಾಲಕ. ಬೆಳಗ್ಗೆ ಬೋನಿನ ಬಳಿ ಬಂದ ಕೂಡಲೇ ಅವರು ನೆಲ ನೋಡುತ್ತಾರೆ: ಸಗಣಿ ಗಟ್ಟಿಯೋ ತೆಳುವೋ, ನಿನ್ನೆಯ ಮೇವು ಎಷ್ಟು ಉಳಿದಿದೆ, ನೀರು ಕುಡಿದಿದೆಯೇ, ನಡಿಗೆಯಲ್ಲಿ ಕುಂಟಿದೆಯೇ. ಕಾಡಿನ ಪ್ರಾಣಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಅಡಗಿಸುತ್ತದೆ. ಆ ಅಡಗಿದ್ದನ್ನು ಮೊದಲು ಹಿಡಿಯುವುದು ದಿನವೂ ನೋಡುವ ಕಣ್ಣು. 2021ರಲ್ಲಿ ಅಲ್ಲಿನ ಎಂಟು ಸಿಂಹಗಳಿಗೆ ಕೋವಿಡ್ ತಗುಲಿದ್ದು ನಿನಗೆ ನೆನಪಿರಬೇಕು. ಉಸಿರಾಟದ ತೊಂದರೆಯ ಲಕ್ಷಣ ಗಮನಕ್ಕೆ ಬಂದದ್ದರಿಂದ ಮಾದರಿ ತೆಗೆದು ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಲಾಕೋನ್ಸ್ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು, ಆಮೇಲೆ ಅವು ಗುಣವಾದವು. ಮೇವು ತೂಗುವುದು, ಬೋನು ತೊಳೆಯುವುದು, ಬೇಸಿಗೆಯ ತುಂತುರು ನೀರಿನ ಪೈಪು ಸರಿಮಾಡುವುದು, ಏನು ಹೇಳಿದರೂ ಮಾಡು. ಬಾಗಿಲ ಚಿಲಕವನ್ನು ಮಾತ್ರ ನೀನಾಗಿ ಮುಟ್ಟಬೇಡ.

ಅಳಿವಿನಂಚಿನ ಪ್ರಾಣಿಗಳ ಸಂರಕ್ಷಣೆಗೆಂದೇ ಇರುವ ಲಾಕೋನ್ಸ್ ಹೈದರಾಬಾದಿನ ಅತ್ತಾಪುರದಲ್ಲಿದೆ. ಅವಕಾಶ ಸಿಕ್ಕರೆ ಅಲ್ಲಿಯ ಕೆಲಸವನ್ನೂ ತಿಳಿದುಕೊ. ಮಲೆನಾಡಿನಲ್ಲಿ ನಾವು ಬರ್ಕ ಎನ್ನುವ, ಮೊಲದಷ್ಟೇ ಗಾತ್ರದ ಮೌಸ್ ಡೀರ್ ಇದೆಯಲ್ಲ, ಅದನ್ನು ಮೃಗಾಲಯ ಮತ್ತು ಲಾಕೋನ್ಸ್ ಸೇರಿ 2010ರಿಂದ ಸಂತಾನವೃದ್ಧಿ ಮಾಡಿಸಿ 2017ರಲ್ಲಿ ಅಮ್ರಾಬಾದಿನ ಕಾಡಿಗೆ ಬಿಟ್ಟರು. ಬೋನಿನಲ್ಲಿ ಹುಟ್ಟಿದ್ದು ಕಾಡಿನಲ್ಲಿ ಬದುಕುವಂತಾಗಲು ಎಷ್ಟು ವರ್ಷದ ತಾಳ್ಮೆ ಬೇಕು ನೋಡು. ನೀನು ಹೋಗುವ ಎರಡೂ ಜಾಗಗಳನ್ನು ಆ ಪುಟ್ಟ ಪ್ರಾಣಿಯೇ ಜೋಡಿಸಿದೆ.

ಇನ್ನು ಅಮ್ರಾಬಾದ್. 2,611 ಚದರ ಕಿಲೋಮೀಟರಿನ ಈ ಕಾಡು 2014ರವರೆಗೆ ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಮೀಸಲಿನ ಭಾಗವಾಗಿತ್ತು, ಆಂಧ್ರಪ್ರದೇಶ ಇಬ್ಭಾಗವಾದಾಗ ಬೇರೆಯಾಯಿತು. ಏಪ್ರಿಲ್–ಮೇ ತಿಂಗಳಲ್ಲಿ ಅಲ್ಲಿ ಹಸಿರು ಹುಡುಕಬೇಡ. ಎಲೆ ಉದುರಿ, ಹಳ್ಳ ಬತ್ತಿ, ಕಲ್ಲು ಕಾದಿರುತ್ತದೆ. ಕೆಲಸ ಕಲಿಯುವವರಿಗೆ ಒಳ್ಳೆಯ ಕಾಲ ಅದೇ. ನೀರು ಎಲ್ಲಿ ಉಳಿದಿದೆಯೋ ಪ್ರಾಣಿ ಅಲ್ಲಿಗೆ ಬರುತ್ತದೆ. ನೀರಿನ ತೊಟ್ಟಿ ತುಂಬಿಸುವುದು, ಸೋಲಾರ್ ಪಂಪು ನಡೆಯುತ್ತಿದೆಯೇ ಎಂದು ನೋಡುವುದು, ತೊಟ್ಟಿಯ ಸುತ್ತಲಿನ ಹೆಜ್ಜೆ ಓದುವುದು ದಿನದ ಕೆಲಸ. ತೊಟ್ಟಿಯ ಹತ್ತಿರ ಉರುಳು, ತಂತಿ, ಅನುಮಾನ ಬರುವ ಪುಡಿ ಕಂಡರೆ ಮುಟ್ಟದೆ ತಕ್ಷಣ ತಿಳಿಸು. ನೀರು ಕಡಿಮೆಯಿರುವ ಕಾಲವೇ ಬೇಟೆಗಾರರಿಗೂ ಅನುಕೂಲ.

ಬೆಂಕಿ ಇನ್ನೊಂದು ದೊಡ್ಡ ಪಾಠ. ಇಪ್ಪೆ ಹೂವು ಆಯಲು ಮರದಡಿಯ ತರಗೆಲೆಗೆ ಕೊಟ್ಟ ಕಿಡಿ, ಬೀಡಿ ಎಲೆ ಚೆನ್ನಾಗಿ ಚಿಗುರಲೆಂದು ಹಚ್ಚಿದ ಬೆಂಕಿ, ದಾರಿಹೋಕರು ಎಸೆದ ಬೀಡಿಯ ತುಂಡು, ಯಾವುದರಿಂದಲೂ ಕಾಡು ಹತ್ತಿಕೊಳ್ಳಬಹುದು. ಉಪಗ್ರಹ ಕಂಡ ಬೆಂಕಿಯ ಎಚ್ಚರಿಕೆ ಈಗ ಸಿಬ್ಬಂದಿಯ ಫೋನಿಗೇ ಬರುತ್ತದೆ. ಅದು ಕಾಡಿನ ಬೆಂಕಿಯೋ, ಅಂಚಿನ ಹೊಲದಲ್ಲಿ ಕೂಳೆ ಸುಟ್ಟದ್ದೋ ಎಂದು ನಡೆದು ಹೋಗಿ ನೋಡುವವರು ಬೀಟ್ ಆಫೀಸರ್ ಮತ್ತು ವಾಚರ್. ಎಷ್ಟು ಸುಟ್ಟಿತು ಎಂಬ ಅಂಕಿಯನ್ನು ಕಡಿಮೆ ಮಾಡಿ ಬರೆದರೆ ಮುಂದಿನ ವರ್ಷ ಬೆಂಕಿ ತಡೆಯುವ ಫೈರ್‌ಲೈನ್ ಎಲ್ಲಿ ಬೇಕು ಎಂಬುದೇ ತಿಳಿಯುವುದಿಲ್ಲ. ನೀನು ಬೆಂಕಿ ನಂದಿಸಲು ನುಗ್ಗಬೇಡ. ಅನುಭವಸ್ಥರು ಎಲ್ಲಿ ನಿಲ್ಲು ಎನ್ನುತ್ತಾರೋ ಅಲ್ಲಿ ನಿಲ್ಲು.

ಆ ಕಾಡಿನಲ್ಲಿ ನಿನ್ನ ದೊಡ್ಡ ಗುರುಗಳು ಚೆಂಚು ಜನ. ತಲೆಮಾರುಗಳಿಂದ ಅಲ್ಲೇ ಜೇನು ಬಿಡಿಸಿ, ಗೆಡ್ಡೆ ಅಗೆದು ಬಾಳಿದವರು. ಅವರಲ್ಲಿ ಹಲವರು ಇಂದು ಇಲಾಖೆಯ ಬೇಸ್ ಕ್ಯಾಂಪಿನಲ್ಲಿ ವಾಚರುಗಳು. ನಿನಗೆ ಆಡಿ ಬೆಳೆದ ಬೀದಿಯಿಂದಲೇ ಬಂದ ತೆಲುಗಿದೆ, ಅದು ಇಲ್ಲಿ ಡಿಗ್ರಿಯಷ್ಟೇ ಬೆಲೆಯುಳ್ಳದ್ದು. ‘ಅನ್ನಾ, ಅಕ್ಕಾ’ ಎಂದು ಗೌರವದಿಂದ ಕೂಗು. ಅವರು ಮುಂದೆ ನಡೆಯಲಿ, ನೀನು ಹಿಂದೆ ನಡೆ. ಕರಡಿ ಎಲ್ಲಿ ಮಲಗಿದೆ ಎಂದು ಗಾಳಿಯಿಂದ ಹೇಳುತ್ತಾರೆ. ಇಪ್ಪೆ ಹೂವು ಬಿದ್ದ ನಸುಕಿನಲ್ಲಿ ಹುಲಿಗಿಂತ ಕರಡಿಗೇ ಹೆಚ್ಚು ಹೆದರಬೇಕು. ಅವರಿಂದ ಕೇಳಿದ್ದನ್ನು ಬರೆದರೆ ‘ನಾನು ಕಂಡದ್ದು’ ಎನ್ನಬೇಡ, ಅವರು ಹೇಳಿದ್ದು ಎಂದೇ ಬರಿ. ಡಿಗ್ರಿಯಿಲ್ಲದ ವಿದ್ಯೆ ಎಷ್ಟು ದೊಡ್ಡದು ಎಂದು ತಿಳಿಯಲು ಅಂಕೋಲಾದ ತುಳಸಿ ಗೌಡರನ್ನು ನೆನೆ. ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದ ಆ ಹಾಲಕ್ಕಿ ಸಮುದಾಯದ ತಾಯಿಗೆ ಯಾವ ಬೀಜ ಯಾವ ಮರದಿಂದ ಆಯಬೇಕು ಎಂಬುದು ಕರಗತವಾಗಿತ್ತು. ಪದ್ಮಶ್ರೀ ಬರುವ ಎಷ್ಟೋ ಮುಂಚೆ ಅವರ ವಿದ್ಯೆ ಪೂರ್ಣವಾಗಿತ್ತು.

ನರ್ಸರಿಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ತೆಲಂಗಾಣದಲ್ಲಿ 2015ರಲ್ಲಿ ಶುರುವಾದ ಹರಿತಹಾರದ ಹೆಸರಿನಲ್ಲಿ ಸಸಿ ನೆಡುವ ದೊಡ್ಡ ಕೆಲಸ ನಡೆಯಿತು. ನೆಟ್ಟದ್ದು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಬದುಕಿದ್ದು ಎಷ್ಟು ಎಂದು ನೀನು ಎಣಿಸು. ಎಲ್ಲಿ ನೆಡಬಾರದು ಎಂಬುದನ್ನೂ ಕಲಿ. ವನಸ್ಥಲಿಪುರದ ಮಹಾವೀರ ಹರಿಣ ವನಸ್ಥಲಿಯಲ್ಲಿ ಕೃಷ್ಣಮೃಗಗಳಿವೆ. ದೂರ ನೋಡಿ, ಓಡಿ ಪಾರಾಗುವ ಆ ಪ್ರಾಣಿಗೆ ಬಯಲು ಬೇಕು, ಹುಲ್ಲು ಬೇಕು. ನಮ್ಮ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆಂದೇ ಅಭಯಾರಣ್ಯವಿದೆ, ಆದರೆ ಅದರ ಬಹುಭಾಗ ನೀಲಗಿರಿ ತೋಪಾಗಿ ಹುಲ್ಲುಗಾವಲು ಕುಗ್ಗಿತು. ಕುರುಚಲು, ಬಂಡೆ, ಹುಲ್ಲು ಇವೂ ದಖ್ಖನ್ನಿನ ಕಾಡೇ. ಬೋಳು ನೆಲ ಎಂದು ಬರೆಯುವ ಮುಂಚೆ ಅಲ್ಲಿ ಯಾರು ವಾಸವಿದ್ದಾರೆ ಎಂದು ನೋಡು.

ಕಾನೂನು ಮರೆಯಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಧ್ಯಯನಕ್ಕೂ ಫೋಟೋಗೂ ಅನುಮತಿ ಬೇಕು. ಕಾಲೇಜಿನ ಪತ್ರ, ಅನುಮತಿಯ ಪ್ರತಿ ಸದಾ ಜೊತೆಗಿರಲಿ. ಉದುರಿದ ಜಿಂಕೆ ಕೊಂಬನ್ನೂ ನೆನಪಿಗೆಂದು ಎತ್ತಿಕೊಂಡು ಬರುವಂತಿಲ್ಲ. ಹುಲಿಯ ಹೆಜ್ಜೆಯ ಫೋಟೋ ಹಾಕಿ ಜಾಗದ ಹೆಸರು ಬರೆದರೆ ಗೆಳತಿಯರ ಜೊತೆ ಬೇಟೆಗಾರನೂ ಓದುತ್ತಾನೆ. ಕ್ಯಾಮೆರಾ ಟ್ರ್ಯಾಪಿನ ಚಿತ್ರ ಇಲಾಖೆಯದು, ನಿನ್ನ ಫೋನಿನಲ್ಲಿ ಉಳಿಯಬಾರದು.

ನಿನ್ನ ದೇಹದ ಕಾಳಜಿಯೂ ಕೆಲಸದ ಭಾಗ. ತುಂಬುತೋಳಿನ ಹತ್ತಿ ಅಂಗಿ, ಮಣ್ಣಿನ ಬಣ್ಣದ್ದು. ಕಣಕಾಲು ಮುಚ್ಚುವ ಬೂಟು, ಹಾಕುವ ಮುಂಚೆ ಕೊಡವಿಕೊ. ಬಾಯಾರುವ ಮುಂಚೆಯೇ ನೀರು, ಜೊತೆಗೆ ಒಆರ್‌ಎಸ್. ತಲೆ ಸುತ್ತಿದರೆ ಕೂಡಲೇ ಹೇಳು, ಸಂಕೋಚ ಬೇಡ. ಉಳಿಯುವ ಕೋಣೆ, ಶೌಚಾಲಯ, ಜೊತೆಗೆ ಯಾರು ಇರುತ್ತಾರೆ ಎಂಬುದನ್ನು ಹೋಗುವ ಮುಂಚೆಯೇ ರೇಂಜ್ ಆಫೀಸರರನ್ನು ಕೇಳಿ ಖಚಿತ ಮಾಡಿಕೊ. ಇಂದು ಬೀಟ್ ಆಫೀಸರುಗಳಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ಅವರ ಜೊತೆ ಕೆಲಸ ಕೊಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಯಾರ ನಡತೆಯಾದರೂ ಸರಿ ಕಾಣದಿದ್ದರೆ ಅಂದೇ ಕಾಲೇಜಿಗೂ ಮನೆಗೂ ಹೇಳು. ಅದನ್ನು ಸಹಿಸುವುದು ತರಬೇತಿಯ ಭಾಗವಲ್ಲ.

ಪರಭಾಷೆಯ ಸೀಮೆಯಲ್ಲಿ ಜನ ಒಪ್ಪಿಕೊಳ್ಳುತ್ತಾರೆಯೇ ಎಂಬ ಅಳುಕು ಬೇಡ. ರಾಜಮಂಡ್ರಿಯಿಂದ ನಮ್ಮ ನಾಡಿಗೆ ಬಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕಾಡುಗಳ್ಳ ವೀರಪ್ಪನ್‌ನ ಹುಟ್ಟೂರಾದ ಗೋಪಿನಾಥಂನಲ್ಲೇ ಜನರ ನಡುವೆ ಬಾಳಿದರು, ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟರು. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಕೊಂದ. ಆ ಊರು ಅವರನ್ನು ಇಂದಿಗೂ ಮರೆತಿಲ್ಲ. ತೆಲುಗು ನಾಡಿನ ಮಗನೊಬ್ಬ ಕನ್ನಡದ ಕಾಡಿಗೆ ಜೀವ ಕೊಟ್ಟಿದ್ದಾನೆ. ಕನ್ನಡದ ಮಗಳಾಗಿ ನೀನು ತೆಲುಗು ನಾಡಿನ ಕಾಡಿಗೆ ಒಂದು ಬೇಸಿಗೆಯ ಪ್ರಾಮಾಣಿಕ ದುಡಿಮೆ ಕೊಡು.

ಮುಂದೆ ಐಎಫ್‌ಎಸ್ ಅರಣ್ಯ ಸೇವೆಯ ಪರೀಕ್ಷೆ ಬರೆಯುವೆಯೋ, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಗೆ ಹೋಗುವೆಯೋ, ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಎಂಎಸ್ಸಿ ಮಾಡುವೆಯೋ, ಈಗಲೇ ತೀರ್ಮಾನಿಸಬೇಡ. ಈ ಕೆಲಸದ ಬೇಸರದ ದಿನಗಳೂ ನಿನಗೆ ಹಿಡಿಸುತ್ತವೆಯೇ ಎಂದು ನೋಡಿಕೊ, ಉತ್ತರ ತಾನಾಗಿ ಬರುತ್ತದೆ.

ಕೊನೆಯದಾಗಿ ಒಂದು ಮಾತು. ವರದಿ ಬರೆದು ಮುಗಿಸಿದ ಮೇಲೆ ನೇರವಾಗಿ ಕಾಲೇಜಿಗೆ ಕೊಡಬೇಡ. ಮೊದಲು ಪ್ರಾಣಿಪಾಲಕರಿಗೆ, ಬೇಸ್ ಕ್ಯಾಂಪಿನವರಿಗೆ ಅದನ್ನು ತೆಲುಗಿನಲ್ಲಿ ಓದಿ ಹೇಳು. ‘ಇಲ್ಲಮ್ಮ, ಅದು ಹಾಗಲ್ಲ’ ಎಂದು ಎಲ್ಲಿ ತಡೆಯುತ್ತಾರೋ ಅಲ್ಲಿ ತಿದ್ದಿಕೊ. ಒಂದು ಪ್ರತಿ ಅವರಿಗೂ ಕೊಡು, ಅವರ ಹೆಸರುಗಳನ್ನು ಕೃತಜ್ಞತೆಯ ಪುಟದಲ್ಲಿ ಸಾಹೇಬರ ಹೆಸರಿನ ಪಕ್ಕದಲ್ಲೇ ಬರಿ. ಆಮೇಲೆ ಕಾಲೇಜಿಗೆ ಸಲ್ಲಿಸು. ಹೋಗಿ ಬಾ, ಒಳ್ಳೆಯದಾಗಲಿ.