ಅರ್ಧಕ್ಕೆ ನಿಂತ ಕೆಲಸ, ಅತ್ತೆಯ ಟ್ರಂಕು

ಪ್ರಶ್ನೆ: ಅಕ್ಕಾರ, ನಮ್ಮನಿ ದುರ್ಗದಬೈಲ್ ಹಿಂದಿನ ಓಣ್ಯಾಗ ಐತ್ರಿ. ಕೆಳಗ ನಮ್ಮ ಮನ್ಯಾರದು ಬಾಂಡೆ ಸಾಮಾನಿನ ಅಂಗಡಿ, ಮ್ಯಾಲ ನಾವು. ನನಗ ಮೂವತ್ನಾಕು. ಮದುವಿಗೆ ಮೊದಲ ಬೆಳಗಾವ್ಯಾಗ ಒಂದು ಕಂಪನ್ಯಾಗ ಲೆಕ್ಕ ಬರೀತಿದ್ದೆ. ಮಗಳು ಹುಟ್ಟಿದ ಮ್ಯಾಲ ಬಿಟ್ಟೆ. ಈಗ ಆಕಿಗೆ ಆರು ವರ್ಷ. ಮುಂಜಾನಿಂದ ರಾತ್ರಿತನಕ ಕೈಗೆ ಬಿಡುವಿಲ್ಲ. ಆದ್ರ ಮಲಗೂಮುಂದ ಇವತ್ತು ಏನ ಮಾಡಿದೆ ಅಂತ ನನ್ನಷ್ಟಕ್ಕ ಕೇಳ್ಕೊಂಡ್ರ ಹೇಳಾಕ ಏನೂ ಇರೂದಿಲ್ರಿ. ಬಡದ ರೊಟ್ಟಿ ತಿಂದ ಖಾಲಿ ಆಗ್ತಾವ, ಒಗದ ಅರಿಬಿ ಮತ್ತ ಹೊಲಸ ಆಗ್ತಾವ.

ಮೊಬೈಲ್‌ನ್ಯಾಗ ನೋಡಿ ಮೇಣದಬತ್ತಿ ಮಾಡೂ ಸಾಮಾನ ತರಿಸಿದೆ. ಹಗ್ಗಕ್ಕ ಗಂಟ ಹಾಕಿ ಗ್ವಾಡಿಗೆ ತೂಗಹಾಕೂದು ಶುರು ಮಾಡಿದೆ. ಬಾಟ್ಲಿಗೆ ಬಣ್ಣಾ ಹಚ್ಚಿದೆ. ಎಲ್ಲಾ ಅರ್ಧಕ್ಕ ನಿಂತು ಅಟ್ಟಾ ಸೇರ್ಯಾವ. ನಮ್ಮ ಅತ್ತಿ ‘ರೊಕ್ಕಾ ದಂಡ’ ಅಂದ್ರು. ಅವರದೊಂದು ಟ್ರಂಕ್ ಐತ್ರಿ, ತುಂಬ ಹಳೇ ಇಳಕಲ್ ಸೀರಿ. ಉಡೂದಿಲ್ಲ, ಯಾರಿಗೂ ಮುಟ್ಟಗೊಡೂದಿಲ್ಲ. ಮನ್ಯಾಗ ಕುಂತು ಕೈಲೆ ಏನರ ಮಾಡೂದ್ರಾಗ ಖರೇನ ಏನರ ಅರ್ಥ ಐತೇನ್ರಿ? ಇಲ್ಲಾ ಬರೇ ಹೊತ್ತ ಕಳಿಯೂ ಕೆಲಸೇನ್ರಿ?

— ಹೆಸರು ಬ್ಯಾಡ್ರಿ, ದುರ್ಗದಬೈಲ್, ಹುಬ್ಬಳ್ಳಿ

ಉತ್ತರ: ತಂಗೀ, ನೀನು ಲೆಕ್ಕ ಬರೆದವಳು. ಆದ್ದರಿಂದಲೇ ಈ ನೋವು ನಿನಗೆ ಬೇರೆಯವರಿಗಿಂತ ಹೆಚ್ಚು ತಟ್ಟಿರಬೇಕು. ದಿನದ ಕೊನೆಗೆ ಜಮೆ-ಖರ್ಚು ತಾಳೆ ನೋಡಿ ಮಲಗುವ ರೂಢಿ ಇದ್ದವಳಿಗೆ ಮನೆಗೆಲಸದ ಪುಟ ಖಾಲಿ ಕಂಡರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಪುಟ ಖಾಲಿ ಇಲ್ಲ, ಬರೆದಿಡುವವರು ಇಲ್ಲ ಅಷ್ಟೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದವರು ನೂರು ಹೆಂಗಸರಲ್ಲಿ 81 ಮಂದಿ, ನೂರು ಗಂಡಸರಲ್ಲಿ 26 ಮಂದಿ. ಹಾಗೆ ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ಸುಮಾರು ಐದು ತಾಸಿನ ದುಡಿಮೆ ಮಾಡಿ ‘ಇವತ್ತು ಏನೂ ಮಾಡಲಿಲ್ಲ’ ಎಂದು ಮಲಗುವ ಹೆಣ್ಣುಮಕ್ಕಳು ನಮ್ಮ ಓಣಿ ಓಣಿಯಲ್ಲೂ ಇದ್ದಾರೆ.

ಹೀಗಿರುವಾಗ ರೊಟ್ಟಿ ಬಡಿಯುವುದರಲ್ಲೇ ಆನಂದ ಕಂಡುಕೋ ಎಂದು ನಾನು ಹೇಳುವುದಿಲ್ಲ. ದಣಿದವಳಿಗೆ ಆ ಮಾತು ಅನ್ಯಾಯ. ನಿನ್ನ ಪ್ರಶ್ನೆ ಕೈಗೆಲಸದ್ದು, ಅದನ್ನೇ ನೋಡೋಣ.

ತಂದದ್ದೆಲ್ಲ ಯಾಕೆ ಅರ್ಧಕ್ಕೆ ನಿಂತಿತು? ನಿನಗೆ ತಾಳ್ಮೆ ಇಲ್ಲವೆಂದು ನನಗೆ ಅನ್ನಿಸುವುದಿಲ್ಲ. ಆರು ವರ್ಷದ ಮಗುವಿನ ಜಡೆ ದಿನಾ ಹೆಣೆಯುವವಳಿಗೆ ತಾಳ್ಮೆಯ ಪಾಠ ಯಾರೂ ಹೇಳಬೇಕಿಲ್ಲ. ಆ ಮೇಣದಬತ್ತಿ ನಿಮ್ಮ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಬಣ್ಣದ ಬಾಟ್ಲಿ ಇಡಲು ಅಂಗಡಿಯ ಮೇಲಿನ ಮನೆಯಲ್ಲಿ ಜಾಗ ಇರಲಿಲ್ಲ. ಅದು ಮುಗಿಯಲಿ ಎಂದು ಕಾಯುತ್ತಿದ್ದ ಜೀವ ಒಂದೂ ಇರಲಿಲ್ಲ. ಕಾಯುವವರಿದ್ದರೆ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಸ್ವೆಟರ್ ಹೆಣೆಯುವ ಬಸುರಿಯನ್ನು ನೋಡು, ಎಷ್ಟು ಸುಸ್ತಾದರೂ ಎರಡು ಸಾಲು ಹೆಣೆದೇ ಮಲಗುತ್ತಾಳೆ. ಇಷ್ಟು ವರ್ಷ ಜನರ ಮನೆಯ ಕಷ್ಟ ಕೇಳಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದು: ಕೈಗೆಲಸದ ಅರ್ಥ ಇರುವುದು ಅದನ್ನು ಬಳಸುವ ಮನುಷ್ಯರಲ್ಲಿ. ಏನು ಮಾಡಲಿ ಎಂಬುದು ಆಮೇಲೆ. ಮೊದಲು ಯಾರಿಗೆ ಮಾಡಲಿ ಎಂದು ಕೇಳಿಕೋ.

ಹಾಗೆ ಕೇಳಿಕೊಂಡರೆ ನನಗೆ ಮೊದಲು ಹೊಳೆಯುವುದು ಕೌದಿ. ನಿನ್ನ ಮಗಳಿಗೆ ಒಂದು ಕೌದಿ.

ಮುಖ ಸಿಂಡರಿಸಬೇಡ. ಪೇಟೆಯಲ್ಲಿ ಮೆತ್ತನೆಯ ಬ್ಲಾಂಕೆಟ್ ಸಿಗುವಾಗ ಕೌದಿ ಯಾಕೆ ಎನ್ನಿಸಬಹುದು. ಆದರೆ ಹೊಸ ಬಟ್ಟೆ ಕೊಳ್ಳದೆ, ಮನೆಯವರೆಲ್ಲ ಉಟ್ಟು ತೊಟ್ಟು ಸವೆಸಿದ ಬಟ್ಟೆಯಿಂದಲೇ, ವರ್ಷಗಟ್ಟಲೆ ಬಾಳುವ ವಸ್ತು ಮಾಡುವ ವಿದ್ಯೆ ನಮ್ಮ ಸೀಮೆಯಲ್ಲಿ ಇದರಷ್ಟು ಸರಳವಾದದ್ದು ಇನ್ನೊಂದಿಲ್ಲ. ಲೆಕ್ಕ ಹೇಳುತ್ತೇನೆ, ನೀನೇ ತಾಳೆ ನೋಡು. ಸೀರೆಯ ಉದ್ದ ಸುಮಾರು ಐದೂವರೆ ಮೀಟರ್, ಅಗಲ ಒಂದು ಮೀಟರ್ ಮೇಲೆ ಸ್ವಲ್ಪ. ಉದ್ದಕ್ಕೆ ನಾಲ್ಕು ಪದರವಾಗುವಂತೆ ಮಡಚಿದರೆ ನಾಲ್ಕೂವರೆ ಅಡಿ ಉದ್ದ, ಮೂರೂವರೆ ಅಡಿ ಅಗಲದ ಹಾಸು ಸಿಗುತ್ತದೆ. ಆರು ವರ್ಷದ ಮಗುವಿಗೆ ಸರಿಯಾದ ಅಳತೆ. ಹೊಸದಾಗಿ ಸೂಜಿ ಹಿಡಿದವರಿಗೆ ನಾಲ್ಕೇ ಪದರ ಸಾಕು, ಎಂಟಾದರೆ ಬೆರಳು ನೋಯುತ್ತದೆ. ಮೇಲೆ ತೇಪೆಗೆ ಅವಳ ಚಿಕ್ಕಂದಿನ ಲಂಗ, ಅವರಪ್ಪನ ಹಳೇ ಅಂಗಿ, ನಿನ್ನದೊಂದು ಚೂಡಿದಾರ, ಯಾವುದಾದರೂ ಆದೀತು. ಎಲ್ಲ ಹತ್ತಿಯದೇ ಇರಲಿ, ಚೆನ್ನಾಗಿ ಒಗೆದು ಒಣಗಿಸಿರಲಿ. ಪಾಲಿಯೆಸ್ಟರ್ ಸೇರಿಸಿದರೆ ಸೂಜಿಗೆ ಜಾರುತ್ತದೆ, ಹೊದ್ದರೆ ಬೆವರು ಹೀರುವುದಿಲ್ಲ.

ಬಟ್ಟೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಮೊದಲು ಉದ್ದುದ್ದ ಹೊಲಿಗೆ ಹಾಕಿ ಪದರ ಜರುಗದಂತೆ ಹಿಡಿಸು. ಆಮೇಲೆ ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತಾ ಒಳಗೊಳಗೆ ನಡುವಿನ ಕಡೆ ಬಾ. ಸಾಲಿಗೂ ಸಾಲಿಗೂ ಒಂದು ಬೆರಳು ಅಂತರವಿದ್ದರೆ ಗಟ್ಟಿಯಾಗುತ್ತದೆ. ದಪ್ಪ ಸೂಜಿ, ಗಟ್ಟಿ ಹತ್ತಿ ದಾರ ಸಾಕು. ಜವಳಿ ಸಾಲು ನಿಮ್ಮ ಮನೆಯಿಂದ ಕೂಗಳತೆಯಲ್ಲಿದೆ, ಬಣ್ಣದ ದಾರಕ್ಕೆ ಹುಡುಕಾಟ ಬೇಕಿಲ್ಲ. ಹೊಲಿಗೆ ಸೊಟ್ಟಾದರೆ ಬಿಚ್ಚಬೇಡ. ಮೊದಲ ಸುತ್ತು ಸೊಟ್ಟಗೆ, ಕೊನೆಯ ಸುತ್ತು ನೆಟ್ಟಗೆ ಇರುವ ಕೌದಿಯಲ್ಲಿ ನೀನು ಕಲಿತದ್ದು ಕಣ್ಣಿಗೆ ಕಾಣುತ್ತದೆ. ದಿನದ ಕೊನೆಗೆ ಹೇಳಲು ಏನೂ ಇಲ್ಲ ಎಂದು ಬರೆದೆಯಲ್ಲ, ಒಂದು ಸುತ್ತು ಮುಗಿದ ರಾತ್ರಿ ಹೇಳಲು ಆ ಸುತ್ತು ಇರುತ್ತದೆ. ಅದನ್ನು ಯಾರೂ ತಿಂದು ಖಾಲಿ ಮಾಡುವುದಿಲ್ಲ.

ನಿಮ್ಮಿಂದ ದೂರವೇನಲ್ಲ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿದ್ದೀಯಾ? ಆಫ್ರಿಕಾದಿಂದ ಬಂದವರ ವಂಶಸ್ಥರು ಅವರು. ಕಣ್ಣು ಕೋರೈಸುವ ತೇಪೆಗಳ ಅವರ ಕೌದಿಗಳನ್ನು ಇಂದು ಹೊರದೇಶದ ಪ್ರದರ್ಶನಗಳಲ್ಲಿ ಗೋಡೆಗೆ ತೂಗಿಹಾಕುತ್ತಾರೆ. ಅವರೂ ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ಹೂ ಕೂರಿಸುತ್ತಾರೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ನನಗೆ ಇದು ಬಹಳ ಹಿಡಿಸಿದ ಸಂಗತಿ. ಚಳಿ ತಡೆಯಲು ಆ ಹೂ ಬೇಕಿಲ್ಲ. ಆದರೂ ಅದಿಲ್ಲದೆ ಕೆಲಸ ಮುಗಿಯಿತು ಎಂದು ಅವರು ಒಪ್ಪುವುದಿಲ್ಲ. ಪ್ರದರ್ಶನಕ್ಕೆ ಹೋಗುವ ಮೊದಲು ಆ ಕೌದಿ ಮನೆಯ ಮಕ್ಕಳ ಹೊದಿಕೆ.

ಇನ್ನು ಅತ್ತೆಯ ಟ್ರಂಕು. ನಾಳೆಯೇ ಹೋಗಿ ‘ಒಂದು ಸೀರಿ ಕೊಡ್ರಿ, ಕೌದಿ ಹೊಲೀತೇನಿ’ ಎಂದು ಕೇಳಬೇಡ. ಉಡದ ಸೀರೆಯನ್ನು ಒಬ್ಬ ಹೆಂಗಸು ಮುಚ್ಚಿಟ್ಟುಕೊಂಡಿದ್ದಾಳೆಂದರೆ ಅದರಲ್ಲಿ ಬಟ್ಟೆಗಿಂತ ಹೆಚ್ಚಿನದು ಇದೆ. ತವರು ಇರಬಹುದು, ಮಾವನವರು ಇರಬಹುದು, ಬಾಣಂತನ ಇರಬಹುದು. ನಿನ್ನದೇ ಹಳೇ ಹತ್ತಿ ಸೀರೆಯಿಂದ ಶುರು ಮಾಡು. ಅತ್ತೆಯ ಕಣ್ಣೆದುರಿಗೆ ನೆಲದ ಮೇಲೆ ಹಾಸು. ಕೌದಿ ಹಾಸಿದ ಕಡೆ ಆ ಕಾಲದ ಹೆಂಗಸರು ದೂರ ನಿಲ್ಲುವುದು ಕಷ್ಟ. ‘ಹಂಗಲ್ಲ, ಹಿಂಗ’ ಎಂದು ಸೂಜಿ ಕಸಿದುಕೊಳ್ಳಬಹುದು. ಕಸಿದುಕೊಂಡರೆ ಕೊಟ್ಟುಬಿಡು. ‘ರೊಕ್ಕಾ ದಂಡ’ ಎಂಬ ಮಾತಿಗೆ ಬೇಜಾರಾಗಿದ್ದೀಯ, ಅದು ನನಗೆ ಗೊತ್ತು. ಹಳೇದನ್ನು ಎಸೆಯದೆ ಸಂಸಾರ ನಡೆಸಿದವರಿಗೆ, ಹೊಸ ಸಾಮಾನು ಕೊಂಡು ಅಟ್ಟಕ್ಕೆ ಎಸೆಯುವುದು ನಿಜಕ್ಕೂ ನೋವಿನ ಸಂಗತಿ. ಈ ಕೆಲಸದಲ್ಲಿ ಅವರು ನಿನಗಿಂತ ದೊಡ್ಡವರು. ಆ ದೊಡ್ಡಸ್ತಿಕೆಗೆ ಈಗ ಮನೆಯಲ್ಲಿ ಜಾಗ ಕಡಿಮೆಯಾಗಿರಬಹುದು. ಎಂದಾದರೂ ಟ್ರಂಕು ತಾನಾಗಿ ತೆರೆದರೆ, ಇಳಕಲ್ ಸೀರೆಯ ಹತ್ತಿಯ ಒಡಲು ಒಳಪದರಕ್ಕೆ ಹೇಳಿ ಮಾಡಿಸಿದ್ದು, ತೊಳೆದು ತೊಳೆದು ಬೆಣ್ಣೆಯಂತಾಗಿರುತ್ತದೆ. ಕೆಂಪು ಸೆರಗು, ದಡಿ ಬೇರೆ ಬಿಡಿಸಿ ಮೇಲಕ್ಕೆ ಕಾಣುವಂತೆ ಹೊಲಿ. ತೆರೆಯದಿದ್ದರೂ ಚಿಂತೆಯಿಲ್ಲ, ಟ್ರಂಕು ಅವರದು.

ಧಾರವಾಡದ ಕಡೆಯವಳಿಗೆ ಕಸೂತಿ ಬಿಟ್ಟು ಕೌದಿ ಹೇಳುತ್ತೀರಲ್ಲ ಎಂದು ನೀನು ಕೇಳಬಹುದು. ಗವಂತಿ, ಮುರಗಿ, ನೇಯ್ಗಿ, ಮೆಂತ್ಯ ಎಂಬ ನಾಲ್ಕು ಹೊಲಿಗೆಯ ಆ ಕಲೆಯ ಮೇಲೆ ನನಗೆ ಅಪಾರ ಗೌರವ. ಆದರೆ ಅಲ್ಲಿ ಬಟ್ಟೆಯ ಎಳೆ ಎಣಿಸಿ ಸೂಜಿ ಆಡಿಸಬೇಕು, ಗಂಟು ಕಾಣಬಾರದು. ಮಗು ನಡುನಡುವೆ ಕರೆಯುವ ಮನೆಯಲ್ಲಿ ಎಣಿಕೆ ತಪ್ಪಿದರೆ ಮತ್ತೊಂದು ಅರ್ಧಕ್ಕೆ ನಿಂತ ಕೆಲಸವಾಗುತ್ತದೆ. ಕೌದಿಯನ್ನು ಯಾವ ಗಳಿಗೆಯಲ್ಲಿ ಬಿಟ್ಟರೂ ಎತ್ತಿಕೊಳ್ಳಬಹುದು. ನಿನ್ನ ಈಗಿನ ದಿನಚರಿಗೆ ಅದು ಹೊಂದುತ್ತದೆ.

ಮಗಳನ್ನೂ ಸೇರಿಸಿಕೋ, ಆದರೆ ಅವಳಿಗೆ ಸೂಜಿ ಈಗಲೇ ಬೇಡ. ಯಾವ ತೇಪೆ ಎಲ್ಲಿಗೆ ಎಂದು ಅವಳು ಹೇಳಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಪೇಟೆಯ ಎತ್ತು ತರುವ ಬದಲು ಒಂದು ಹಿಡಿ ಮಣ್ಣು ತಂದು ಅವಳ ಕೈಗೆ ಕೊಡು. ಆಷಾಢದ ಮಂಗಳವಾರದ ಮಣ್ಣಿನ ಗುಳ್ಳವ್ವನನ್ನೂ ಅವಳೇ ಮಾಡಲಿ. ಎತ್ತಿನ ಕೋಡು ಮುರಿದರೆ ಮುರಿಯಲಿ. ನಮ್ಮ ಹಬ್ಬಗಳಲ್ಲಿ ಮಾಡಿ, ಪೂಜಿಸಿ, ನೀರಿಗೆ ಬಿಡುವ ವಸ್ತುಗಳು ಎಷ್ಟೊಂದಿವೆ. ಉಳಿಯುವುದಷ್ಟೇ ಬೆಲೆಯುಳ್ಳದ್ದು ಎಂಬ ಲೆಕ್ಕವನ್ನು ಆ ಮಗು ನಿನ್ನಂತೆ ಹೊರಬೇಕಿಲ್ಲ.

ಒಂದು ಎಚ್ಚರ. ಕೌದಿ ಚೆಂದ ಬಂತೆಂದರೆ ‘ಮಾರಬಾರದೇಕೆ’ ಎನ್ನುವವರು ಮರುದಿನವೇ ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಮೊದಲ ಕೌದಿಗಂತೂ ಬೆಲೆ ಕಟ್ಟಬೇಡ. ಹೊಲಿಗೆ ಜೀವನೋಪಾಯವಾದರೆ ಅದರ ಶಿಸ್ತೇ ಬೇರೆ. ನಿಮ್ಮ ಊರಿನ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ದೇಶದ ರಾಷ್ಟ್ರಧ್ವಜ ಅಲ್ಲಿ ಸಿದ್ಧವಾಗುತ್ತದೆ, ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಬಣ್ಣ, ನೂಲು, ಅಳತೆ, ಹೊಲಿಗೆ ಎಲ್ಲಕ್ಕೂ ಭಾರತೀಯ ಮಾನಕ ಬ್ಯೂರೋದ ಕಟ್ಟುನಿಟ್ಟು. ಸೊಟ್ಟ ಸಾಲಿಗೆ ಅಲ್ಲಿ ಜಾಗವಿಲ್ಲ, ಇರಲೂಬಾರದು. ಅದು ದುಡಿಮೆ, ಅದಕ್ಕೆ ಕೂಲಿ ಸಿಗಬೇಕು. ಮಗಳ ಕೌದಿ ನಿನ್ನದು. ಅದನ್ನು ಒಪ್ಪುವ ಅಧಿಕಾರ ಹೊದ್ದುಕೊಳ್ಳುವವಳಿಗೆ ಮಾತ್ರ.

ಇನ್ನೊಂದು ವಿಷಯವನ್ನು ನೇರವಾಗಿ ಕೇಳುತ್ತೇನೆ. ಈ ಬೇಸರ ಕೈಗೆ ಕೆಲಸ ಸಿಕ್ಕರೆ ತಿಳಿಯಾಗುವಂಥದ್ದೇ, ಅಥವಾ ಅದಕ್ಕಿಂತ ಆಳದ್ದೇ? ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮಗಳ ಆಟವೂ ಬೇಡವೆನಿಸಿದರೆ, ಬದುಕೇ ಸಾಕೆನಿಸಿದರೆ ಕೌದಿಯನ್ನು ನೆಚ್ಚಿಕೊಂಡು ಕೂರಬೇಡ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಫೋನಿನಲ್ಲೇ ಮಾತಾಡುವುದಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಹೊಲಿಗೆಯಂಥ ಕೈಗೆಲಸಗಳು ಚಿಕಿತ್ಸೆಯ ಜೊತೆಗೆ ನಡೆಯುತ್ತವೆ, ಚಿಕಿತ್ಸೆಯ ಬದಲಿಗೆ ನಡೆಯುವುದಿಲ್ಲ.

ಕೊನೆಯದಾಗಿ, ನಿನ್ನ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ಮಾತು: ಲೆಕ್ಕ ಬರೆಯುತ್ತಿದ್ದೆ, ಬಿಟ್ಟೆ. ಬಿಟ್ಟದ್ದರ ಬಗ್ಗೆ ಮತ್ತೇನೂ ಬರೆದಿಲ್ಲ. ಆ ಕೆಲಸದ ನೆನಪು ಕಾಡುತ್ತಿದ್ದರೆ ಯಾವ ಕೌದಿಯೂ ಅದರ ಜಾಗ ತುಂಬುವುದಿಲ್ಲ. ಕೈಗೆಲಸದಿಂದ ಆ ಆಸೆಯನ್ನು ಮುಚ್ಚಿಡಲು ನಾನು ಹೇಳಲಾರೆ. ಕೆಳಗಿನ ಅಂಗಡಿಯ ಜಿಎಸ್‌ಟಿ ಲೆಕ್ಕವನ್ನು ಈಗ ಯಾರು ಬರೆಯುತ್ತಾರೆ? ಹೊರಗಿನವರಿಗೆ ತಿಂಗಳಿಗಿಷ್ಟು ಎಂದು ಕೊಡುತ್ತಿದ್ದರೆ, ಆ ವಿದ್ಯೆ ಮೇಲಿನ ಮನೆಯಲ್ಲೇ ಇದೆ ಎಂದು ನಿಮ್ಮ ಮನೆಯವರಿಗೆ ನೆನಪಿಸು. ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ಎರಡು ತಾಸು ಕೆಳಗಿಳಿದರೆ ಸಾಕು, ಆ ಹೊತ್ತಿನ ಮನೆಗೆಲಸದಲ್ಲಿ ಒಂದಷ್ಟನ್ನು ಅವರು ಹೊರಬೇಕಾಗುತ್ತದೆ. ಜಾತ್ರೆಯಂಥ ಸಂಜೆಯ ಗಿರಾಕಿಗಳ ನಡುವೆ ಈ ಮಾತು ಎತ್ತಬೇಡ, ಅಂಗಡಿಗೆ ರಜೆ ಇರುವ ದಿನ ಎದುರು ಕೂತು ಹೇಳು. ಹೊರಗಿನವರಿಗೆ ಕೊಡುತ್ತಿದ್ದ ಹಣ ನಿನ್ನ ಹೆಸರಿನ ಖಾತೆಗೆ ಬರಬೇಕೆಂಬುದನ್ನೂ ಆಗಲೇ ಸ್ಪಷ್ಟವಾಗಿ ಮಾತಾಡಿಕೋ.